ಒರಟುತನವೂ ಭೇದಭಾವವೂ

ಮೈಗೆ ಆದ ಗಾಯವು ಕೆಲವು ದಿನಗಳಲ್ಲಿ ಮಾಯುತ್ತದೆ. ಮನಸ್ಸಿಗೆ ಆದ ಗಾಯವು ಅಷ್ಟು ಬೇಗ ಮಾಯುವುದಿಲ್ಲ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆ ಹುಟ್ಟಿದ್ದು ಈ ಅನುಭವದಿಂದಲೇ. ಮಾನವು ಹಲವು ರೀತಿಯಲ್ಲಿ ಹೋಗುತ್ತದೆ. ಕೋಪದ ಒಂದು ಮಾತಿನಿಂದ ಹೋಗಬಹುದು. ಕುಹಕದ ಒಂದು ನಗೆಯಿಂದ ಹೋಗಬಹುದು. ಒಂದು ಮಾತನ್ನೂ ಆಡದೆ, ನೀರಿನ ಲೋಟವನ್ನು ತುಸು ದೂರದಲ್ಲಿ ಇಡುವುದರಿಂದಲೂ ಹೋಗಬಹುದು. ಇವೆಲ್ಲವೂ ನೋವೇ. ಆದರೆ ಇವೆಲ್ಲವೂ ಒಂದೇ ಜಾತಿಯ ನೋವಲ್ಲ.

ಜ್ವರದ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಮಳೆಯಲ್ಲಿ ನೆನೆದು ನೆಗಡಿಯಾದವನಿಗೂ ಜ್ವರ ಬರುತ್ತದೆ. ಮಲೇರಿಯಾ ತಗುಲಿದವನಿಗೂ ಜ್ವರ ಬರುತ್ತದೆ. ಮುಟ್ಟಿ ನೋಡಿದರೆ ಇಬ್ಬರ ಮೈಯೂ ಸುಡುತ್ತದೆ. ಮೊದಲನೆಯವನು ನಾಲ್ಕು ದಿನ ಹೊದ್ದು ಮಲಗಿದರೆ ಎದ್ದು ಓಡಾಡುತ್ತಾನೆ. ಎರಡನೆಯವನಿಗೆ ಬೇರೆ ಔಷಧವೇ ಬೇಕು. ಸಾಲದುದಕ್ಕೆ ಊರ ಸುತ್ತ ನಿಂತ ನೀರನ್ನೂ ಬತ್ತಿಸಬೇಕು. ಇಲ್ಲವಾದರೆ ಅವನು ಗುಣವಾದರೂ ನೆರೆಮನೆಯವನು ಮಲಗುತ್ತಾನೆ. ಒರಟುತನಕ್ಕೂ ಭೇದಭಾವಕ್ಕೂ ಇರುವ ಅಂತರ ಸುಮಾರಾಗಿ ಇಂಥದೇ. ಒಂದು, ಒಬ್ಬ ಮನುಷ್ಯನ ಸ್ವಭಾವದ ದೋಷ. ಇನ್ನೊಂದು, ಅನೇಕರು ಕೂಡಿ ಬಹುಕಾಲದಿಂದ ನಿಲ್ಲಿಸಿಕೊಂಡು ಬಂದ ಕೊಳಕು ನೀರು.

ಈ ಅಂತರವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳನ್ನು ನೋಡಿದರೆ ಸಾಕು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಮತ್ತೊಂದು ಕಡೆ ಮಲೆಮಹದೇಶ್ವರ ಬೆಟ್ಟ, ಜೊತೆಗೆ ಸುವರ್ಣಾವತಿ ಹರಿಯುವ ಬಯಲು. ಕೊಳ್ಳೇಗಾಲವು ರೇಷ್ಮೆಗೆ ಹೆಸರಾದ ಊರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಅದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಪಕ್ಕದ ಯಳಂದೂರು ಮೈಸೂರಿಗೆ ಸೇರಿತ್ತು. ಕೊಳ್ಳೇಗಾಲದ ಭಾಗವೇ ಆಗಿದ್ದ ಹನೂರು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಇಲ್ಲಿ ಹತ್ತಾರು ಕುಲಗಳ ಒಕ್ಕಲುಗಳಿವೆ. ಕನ್ನಡದೊಂದಿಗೆ ತಮಿಳೂ ಕೇಳಿಬರುತ್ತದೆ. ಕಾಡಿನ ಅಂಚಿನಲ್ಲಿ ಸೋಲಿಗರ ಹಾಡಿಗಳಿವೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟಿಯನ್ನರ ಬಿಡಾರಗಳಿವೆ. 2011ರ ಜನಗಣತಿಯಂತೆ ಈ ಜಿಲ್ಲೆಯ ಜನರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಪರಿಶಿಷ್ಟ ಜಾತಿಯವರು. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಇಷ್ಟು ಬಗೆಯ ಜನರು ಒಂದೇ ಸಂತೆಯಲ್ಲಿ, ಒಂದೇ ಬಸ್ಸಿನಲ್ಲಿ, ಒಂದೇ ಶಾಲೆಯಲ್ಲಿ ಕಲೆತಾಗ ಮಾತಿಗೆ ಮಾತು ತಾಗುವುದು ಸಹಜ. ಆ ತಾಗುವಿಕೆಯಲ್ಲಿ ಯಾವುದು ಬರಿಯ ಒರಟುತನ, ಯಾವುದು ಭೇದಭಾವ ಎಂಬುದನ್ನು ತಿಳಿಯುವ ಅಗತ್ಯವೂ ಇಲ್ಲಿ ಹೆಚ್ಚು.

ಹನೂರಿನಿಂದ ಕೊಳ್ಳೇಗಾಲಕ್ಕೆ ಹೊರಟ ಒಂದು ಬಸ್ಸನ್ನು ಕಲ್ಪಿಸಿಕೊಳ್ಳಬಹುದು. ಸಂತೆಯ ದಿನ, ನಿಲ್ಲಲೂ ಸ್ಥಳವಿಲ್ಲ. ಪ್ರಯಾಣಿಕನೊಬ್ಬನು ಇಪ್ಪತ್ತು ರೂಪಾಯಿಯ ಟಿಕೆಟ್ಟಿಗೆ ಐನೂರರ ನೋಟನ್ನು ಕೊಡುತ್ತಾನೆ. ಬೆಳಗಿನಿಂದ ದಣಿದಿದ್ದ ನಿರ್ವಾಹಕನು, “ಚಿಲ್ಲರೆ ಇಲ್ಲದೆ ಯಾಕ್ರೀ ಹತ್ತುತ್ತೀರಿ? ಇಳಿಯಿರಿ ಕೆಳಗೆ” ಎಂದು ಗದರುತ್ತಾನೆ. ಇದು ಒರಟುತನ. ಎಲ್ಲರೆದುರಿಗೆ ಗದರಿಸಿಕೊಂಡವನಿಗೆ ನೋವಾಗುತ್ತದೆ. ನಿರ್ವಾಹಕನು ಮಾಡಿದ್ದು ಸರಿಯಲ್ಲ. ಆದರೆ ಅವನ ಕೋಪವು ಹುಟ್ಟಿದ್ದು ಚಿಲ್ಲರೆಯಿಂದ. ಆ ನೋಟನ್ನು ಯಾರೇ ಕೊಟ್ಟಿದ್ದರೂ ಅವನು ಹಾಗೆಯೇ ಗದರುತ್ತಿದ್ದನು. ಚಿಲ್ಲರೆ ಸಿಕ್ಕಿದ ಕೂಡಲೇ ಜಗಳವೂ ಮುಗಿಯುತ್ತದೆ. ಗದರಿಸಿಕೊಂಡವನೂ ಎದುರು ಮಾತನಾಡಬಲ್ಲನು; ಪಕ್ಕದವರು ಅವನ ಪರವಾಗಿ ಎರಡು ಮಾತು ಹೇಳಬಲ್ಲರು. ಇಳಿಯುವ ಹೊತ್ತಿಗೆ ಇಬ್ಬರೂ ಸಮಾನರಾಗಿಯೇ ಉಳಿದಿರುತ್ತಾರೆ.

ಅದೇ ಜಗಳದಲ್ಲಿ ನಿರ್ವಾಹಕನು, “ನಿಮ್ಮ ಜಾತಿಯವರೇ ಇಷ್ಟು” ಎಂದು ಒಂದು ಮಾತನ್ನು ಸೇರಿಸಿದರೆ ಎಲ್ಲವೂ ಬದಲಾಗುತ್ತದೆ. ದನಿಯು ಮೊದಲಿನಷ್ಟೇ ಇರಬಹುದು, ಇಳಿದೂ ಇರಬಹುದು. ಆದರೆ ಈಗ ಮಾತು ಚಿಲ್ಲರೆಯನ್ನು ಬಿಟ್ಟು ಹುಟ್ಟನ್ನು ಹಿಡಿದಿದೆ. ಚಿಲ್ಲರೆಯನ್ನು ನಾಳೆ ತರಬಹುದು. ಹುಟ್ಟನ್ನು ಯಾರು ಬದಲಾಯಿಸಬಲ್ಲರು? ಒಬ್ಬನಿಗೆ ಆಡಿದ ಮಾತು, ಆ ಬಸ್ಸಿನಲ್ಲಿ ಕುಳಿತಿರುವ ಅವನ ಕುಲದವರೆಲ್ಲರಿಗೂ, ಮನೆಯಲ್ಲಿರುವ ಅವನ ತಾಯಿಗೂ, ತೊಟ್ಟಿಲಿನಲ್ಲಿರುವ ಅವನ ಮಗುವಿಗೂ ತಾಗಿತು. ಒರಟುತನವು ಭೇದಭಾವವಾಗುವ ಗಡಿ ಇದೇ.

ಭೇದಭಾವಕ್ಕೆ ಒರಟು ಮಾತಿನ ನೆರವು ಬೇಕೇಬೇಕೆಂದು ಭಾವಿಸುವುದು ತಪ್ಪು. ಅದು ಅತ್ಯಂತ ಸೌಜನ್ಯದಿಂದಲೂ ನಡೆಯಬಲ್ಲುದು. ಹಳ್ಳಿಯ ಚಹದಂಗಡಿಯೊಂದನ್ನು ನೆನೆದುಕೊಳ್ಳಬಹುದು. ವಯಸ್ಸಾದ ಕೂಲಿಯಾಳೊಬ್ಬನು ಬರುತ್ತಾನೆ. ಅಂಗಡಿಯವನು, “ಬಾ ಮಾದಯ್ಯ, ಚೆನ್ನಾಗಿದ್ದೀಯಾ? ಮಗನ ಮದುವೆ ಆಯಿತಂತೆ?” ಎಂದು ನಗುತ್ತ ವಿಚಾರಿಸುತ್ತಾನೆ. “ಚೆಂದಾಗಿವ್ನಿ ಬುದ್ದಿ” ಎಂದು ಮುದುಕನು ಉತ್ತರಿಸುತ್ತಾನೆ. ಬಿಸಿಯಾದ ಚಹ ಬರುತ್ತದೆ. ಹಾಲು ಸಕ್ಕರೆಗಳಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಉಳಿದವರಿಗೆ ಸ್ಟೀಲಿನ ಲೋಟ. ಅವನಿಗೆ ಮಾತ್ರ ಗೂಡಿನಲ್ಲಿ ಬೇರೆಯಾಗಿ ಇಟ್ಟ ಲೋಟ. ಉಳಿದವರು ಬೆಂಚಿನ ಮೇಲೆ ಕುಳಿತಿದ್ದಾರೆ; ಅವನು ಜಗಲಿಯ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾನೆ. ಇಲ್ಲಿ ಒಂದೂ ಕೆಟ್ಟ ಮಾತಿಲ್ಲ. ಅಂಗಡಿಯವನು ದುಷ್ಟನೂ ಅಲ್ಲ. ಮುದುಕನಿಗೆ ಕಾಯಿಲೆಯಾದರೆ ಹತ್ತು ರೂಪಾಯಿ ಕೊಟ್ಟು ಕಳುಹಿಸುವವನೇ ಆಗಿರಬಹುದು. ಆದರೂ ಬಸ್ಸಿನ ನಿರ್ವಾಹಕನ ಗದರಿಕೆಗಿಂತ ಈ ಮೌನವಾದ ಲೋಟವು ನೂರು ಪಟ್ಟು ಹೆಚ್ಚಿನ ಅನ್ಯಾಯ. ಈ ಪದ್ಧತಿಯು ಬಹಳ ಕಡೆಗಳಲ್ಲಿ ಅಳಿದಿದೆ; ಎಲ್ಲ ಕಡೆಯೂ ಅಳಿದಿಲ್ಲ. ಕೆಲವೆಡೆ ಬೇರೆ ಲೋಟದ ಸ್ಥಾನಕ್ಕೆ ಕಾಗದದ ಲೋಟ ಬಂದಿದೆ. ಕುಡಿದು ಎಸೆಯುವ ಲೋಟವು ಎಲ್ಲರಿಗೂ ಒಂದೇ ಆಗಿದ್ದರೆ ಅದು ಸೌಕರ್ಯ. ಕೆಲವರ ಕೈಗೆ ಮಾತ್ರ ಅದು ಬಂದರೆ, ಹಳೆಯ ರೋಗವೇ ಹೊಸ ಬಟ್ಟೆ ತೊಟ್ಟು ಬಂದಂತೆ.

ಮೌನವಾದ ಈ ಭೇದವನ್ನು ಬಾಲ್ಯದಲ್ಲಿಯೇ ಉಂಡವರು ಡಾ. ಬಿ. ಆರ್. ಅಂಬೇಡ್ಕರರು. ಸಾತಾರದ ಶಾಲೆಯಲ್ಲಿ ಅವರು ಉಳಿದ ಮಕ್ಕಳಿಂದ ದೂರವಾಗಿ, ಮನೆಯಿಂದ ತಾವೇ ತಂದ ಗೋಣಿಯ ತುಂಡಿನ ಮೇಲೆ ಕುಳಿತುಕೊಳ್ಳಬೇಕಾಗಿತ್ತು. ಬಾಯಾರಿದರೆ ನಲ್ಲಿಯನ್ನು ತಾವೇ ತಿರುಗಿಸುವಂತಿರಲಿಲ್ಲ. ಶಾಲೆಯ ಜವಾನನು ಬಂದು ತಿರುಗಿಸಬೇಕಾಗಿತ್ತು. ಜವಾನನು ಬಾರದ ದಿನ ನೀರಿಲ್ಲ. ಆ ಬಾಲಕನು ಎಷ್ಟೇ ಚೆನ್ನಾಗಿ ಓದಲಿ, ಎಷ್ಟೇ ವಿನಯದಿಂದ ನಡೆಯಲಿ, ಗೋಣಿಯ ಸ್ಥಳವು ಬದಲಾಗುತ್ತಿರಲಿಲ್ಲ. ಒರಟನೊಬ್ಬನು ಶಾಲೆಯಲ್ಲಿದ್ದರೆ ಅವನಿಂದ ತಪ್ಪಿಸಿಕೊಂಡು ಓಡಾಡಬಹುದು. ಇಡೀ ಶಾಲೆಯೇ ಒಂದು ಏರ್ಪಾಡಾಗಿ ನಿಂತಾಗ ತಪ್ಪಿಸಿಕೊಳ್ಳುವುದೆಲ್ಲಿಗೆ?

ಬೇರೆ ದೇಶಗಳಲ್ಲಿ ಇದೇ ಅನ್ಯಾಯವು ಮೈಬಣ್ಣದ ಹೆಸರಿನಲ್ಲಿ ನಡೆಯಿತು. 1893ರ ಜೂನ್ ತಿಂಗಳಿನಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯವರನ್ನು ಮೊದಲನೆಯ ದರ್ಜೆಯ ಗಾಡಿಯಿಂದ ಹೊರಕ್ಕೆ ತಳ್ಳಿದುದು ಲೋಕಪ್ರಸಿದ್ಧವಾದ ಸಂಗತಿ. ಅವರ ಬಳಿ ಮೊದಲನೆಯ ದರ್ಜೆಯ ಟಿಕೆಟ್ಟೇ ಇತ್ತು. ತಳ್ಳಿದುದು ಒರಟುತನ, ನಿಜ. ಆದರೆ ರೈಲ್ವೆಯ ಅಧಿಕಾರಿಯು ತಳ್ಳದೆ, ಕೈಮುಗಿದು, “ದಯವಿಟ್ಟು ಹಿಂದಿನ ಗಾಡಿಗೆ ಹೋಗಿ” ಎಂದಿದ್ದರೆ ಅನ್ಯಾಯವು ಕಡಿಮೆಯಾಗುತ್ತಿತ್ತೆ? ಅದೇ ದೇಶದಲ್ಲಿ 1948ರ ಮೇಲೆ ವರ್ಣಭೇದವೇ ಸರ್ಕಾರದ ನೀತಿಯಾಯಿತು. ಉದ್ಯಾನದ ಬೆಂಚು, ಸಮುದ್ರತೀರ, ಆಸ್ಪತ್ರೆ, ಶಾಲೆ ಎಲ್ಲವೂ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆಯಾದವು. ಅಲ್ಲಿ ತೂಗುಹಾಕಿದ್ದ ಫಲಕಗಳು ಯಾರನ್ನೂ ಬೈಯುತ್ತಿರಲಿಲ್ಲ. ಚೊಕ್ಕವಾದ ಅಕ್ಷರಗಳಲ್ಲಿ, ಯಾರಿಗೆ ಪ್ರವೇಶ ಎಂಬುದನ್ನಷ್ಟೇ ತಿಳಿಸುತ್ತಿದ್ದವು. ಆ ಚೊಕ್ಕವಾದ ಅಕ್ಷರಗಳನ್ನು ಅಳಿಸಲು ನೆಲ್ಸನ್ ಮಂಡೇಲರಂಥವರು 27 ವರ್ಷಗಳ ಸೆರೆವಾಸವನ್ನು ಅನುಭವಿಸಬೇಕಾಯಿತು. ಎಲ್ಲ ವರ್ಣದವರೂ ಮತ ಹಾಕಿದ ಚುನಾವಣೆಯು ಅಲ್ಲಿ ನಡೆದದ್ದು 1994ರಲ್ಲಿ.

ಇದೆಲ್ಲವೂ ಹಳೆಯ ಕಾಲದ, ಹೊರನಾಡಿನ ಮಾತೆಂದು ಸಮಾಧಾನ ಪಡುವಂತಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಅನುಯಾಯಿಗಳೊಡನೆ ಮಹಾಡದ ಚವದಾರ ಕೆರೆಗೆ ಹೋಗಿ ನೀರನ್ನು ಮುಟ್ಟಿ ಕುಡಿದರು. ಬಳಿಕ ಅಲ್ಲಿಯ ಸಂಪ್ರದಾಯಸ್ಥರು ಕೆರೆಗೆ ಗೋಮೂತ್ರ, ಗೋಮಯ ಮೊದಲಾದುವನ್ನು ಸುರಿದು ‘ಶುದ್ಧಿ’ ಮಾಡಿದರು. ಅದಾಗಿ 95 ವರ್ಷಗಳ ಮೇಲೆ, 2022ರ ನವೆಂಬರಿನಲ್ಲಿ, ಯಳಂದೂರಿಗೆ ದೂರವಲ್ಲದ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರ ಗ್ರಾಮದಿಂದ ಅಂಥದೇ ಸುದ್ದಿ ಬಂದಿತು. ಮದುವೆಗೆಂದು ಆ ಊರಿಗೆ ಬಂದಿದ್ದ ಪರಿಶಿಷ್ಟ ಜಾತಿಯ ಮಹಿಳೆಯೊಬ್ಬರು ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು. ಆಮೇಲೆ ತೊಂಬೆಯ ನೀರನ್ನೆಲ್ಲ ಹೊರಕ್ಕೆ ಹರಿಯಿಸಿ ಗೋಮೂತ್ರದಿಂದ ತೊಳೆಯಲಾಯಿತೆಂದು ವರದಿಯಾಯಿತು. ಅಧಿಕಾರಿಗಳು ಗ್ರಾಮಕ್ಕೆ ಧಾವಿಸಿದರು. ಪರಿಶಿಷ್ಟ ಜಾತಿಯ ಯುವಕರನ್ನು ಕರೆದೊಯ್ದು ಊರಿನ ತೊಂಬೆಗಳಲ್ಲೆಲ್ಲ ನೀರು ಕುಡಿಸಿದರು. ಪೊಲೀಸರು ಮೊಕದ್ದಮೆಯನ್ನು ದಾಖಲಿಸಿದರು. ಬಾಯಾರಿದ ಅತಿಥಿಯು ನೀರು ಕುಡಿದುದರಲ್ಲಿ ಯಾವ ತಪ್ಪೂ ಇಲ್ಲ. ತೊಂಬೆಯನ್ನು ತೊಳೆಯುವುದರಲ್ಲಿ ಒಂದು ಬೈಗುಳವೂ ಬೇಕಾಗಿಲ್ಲ. ಆದರೂ ತೊಳೆದ ನೀರು ಬೀದಿಯಲ್ಲಿ ಹರಿಯುತ್ತ, ಯಾವ ಬೈಗುಳಕ್ಕೂ ಹೇಳಲಾಗದುದನ್ನು ಹೇಳಿತು.

ಕನ್ನಡ ಮಾತನಾಡುವವರು ಈ ವಿಚಾರದಲ್ಲಿ ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಅದು ಏಕವಚನ, ಬಹುವಚನಗಳ ಬಳಕೆ. ‘ಏಕವಚನದಲ್ಲಿ ಮಾತನಾಡಿದನು’ ಎಂಬುದು ಕನ್ನಡದಲ್ಲಿ ಒಂದು ದೂರೇ ಆಗಿದೆ. ಆದರೆ ಏಕವಚನವು ತಾನಾಗಿಯೇ ಅಪಮಾನವಲ್ಲ. ಈ ಸೀಮೆಯ ಜನಪದರು ಮಲೆಮಹದೇಶ್ವರನನ್ನು ‘ಮಾದಪ್ಪ’ ಎಂದು ಕರೆದು, ‘ನೀನು’ ಎಂದೇ ಮೊರೆಯಿಡುತ್ತಾರೆ. ಸೋಲಿಗರು ತಮ್ಮ ಕುಲದ ಹೆಣ್ಣು ಕುಸುಮಾಲೆಯ ಕೈಹಿಡಿದವನೆಂದು ಬಿಳಿಗಿರಿರಂಗನನ್ನು ‘ಭಾವ’ ಎಂದು ಕರೆಯುತ್ತಾರೆ. ತಾಯಿಯನ್ನು ‘ನೀನು’ ಎನ್ನದ ಮಕ್ಕಳಿಲ್ಲ. ಗೆಳೆಯರು ‘ಬಾರ್ಲಾ’, ‘ಹೋಗ್ಲಾ’ ಎಂದು ಕೂಗಾಡುವುದನ್ನು ಹೊರಗಿನವರು ಕೇಳಿದರೆ ಜಗಳವೆಂದುಕೊಂಡಾರು, ಅದು ಸಲಿಗೆ. ಹೊಲದ ಮೇಲೆ ನಡೆದುಹೋದ ಅಪರಿಚಿತನನ್ನು ರೈತನು ‘ಯಾವನೋ ಅವನು?’ ಎಂದು ಕೂಗಿದರೆ ಅದು ಒರಟುತನ.

ಹಾಗಾದರೆ ಏಕವಚನವು ಭೇದಭಾವವಾಗುವುದು ಯಾವಾಗ? ಹತ್ತು ವರ್ಷದ ಹುಡುಗನು ಎಪ್ಪತ್ತು ವರ್ಷದ ಮುದುಕನನ್ನು ‘ಏಯ್, ಬಾರೋ ಇಲ್ಲಿ’ ಎಂದು ಕರೆದಾಗ, ಆ ಮುದುಕನು ‘ಬಂದೆ ಬುದ್ದಿ’ ಎಂದು ಓಡಿಬಂದಾಗ. ಹುಡುಗನು ಇತರ ಹಿರಿಯರನ್ನೆಲ್ಲ ‘ಅಜ್ಜಾರೆ’, ‘ಅಯ್ಯಾರೆ’ ಎಂದು ಗೌರವದಿಂದಲೇ ಕರೆಯುತ್ತಾನೆ. ಅವನು ಒರಟನಲ್ಲ, ಮನೆಯಲ್ಲಿ ಒಳ್ಳೆಯ ಹುಡುಗನೆಂದೇ ಹೆಸರು. ಈ ಮುದುಕನ ಮಾತು ಬಂದಾಗ ಮಾತ್ರ ಅವನ ನಾಲಗೆಯಿಂದ ಬಹುವಚನವು ಜಾರುತ್ತದೆ. ವಯಸ್ಸು ಇಲ್ಲಿ ಸೋತಿತು, ಹುಟ್ಟು ಗೆದ್ದಿತು. ಹುಡುಗನು ಈ ಪಾಠವನ್ನು ಯಾವ ಪುಸ್ತಕದಲ್ಲಿಯೂ ಓದಲಿಲ್ಲ. ದೊಡ್ಡವರ ಬಾಯಿಂದ ಕೇಳಿ ಕಲಿತನು. ಭೇದಭಾವದ ಭಯಂಕರತೆ ಇರುವುದೇ ಇಲ್ಲಿ. ಒರಟನಿಗೆ ತಾನು ಒರಟನೆಂಬುದು ಒಮ್ಮೆಯಾದರೂ ಹೊಳೆಯುತ್ತದೆ. ಭೇದ ಮಾಡುವವನಿಗೆ ತನ್ನ ನಡೆಯು ಲೋಕರೂಢಿಯಂತೆ, ಧರ್ಮದಂತೆ, ಸಹಜವಾದ ಉಸಿರಿನಂತೆ ತೋರುತ್ತದೆ.

ಹಾಸ್ಯದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಸಹಪಾಠಿಯ ಕೆಟ್ಟ ಕೈಬರಹವನ್ನು ಕಂಡು ‘ಕೋಳಿ ಕೆದಕಿದಂತಿದೆ’ ಎಂದು ನಕ್ಕರೆ ಅದು ಕೀಟಲೆ, ಹೆಚ್ಚಾದರೆ ಅಸಭ್ಯತೆ. ಅವನು ಬರಹವನ್ನು ತಿದ್ದಿಕೊಳ್ಳಬಹುದು, ತಿರುಗಿ ನಗಲೂಬಹುದು. ಆದರೆ ಒಡೆಯರಪಾಳ್ಯದ ಟಿಬೆಟಿಯನ್ ಬಾಲಕನ ಕಣ್ಣುಗಳನ್ನು ಕುರಿತು, ಹಾಡಿಯಿಂದ ಬರುವ ಸೋಲಿಗ ಬಾಲಕಿಯ ಬಣ್ಣವನ್ನು ಕುರಿತು ನಕ್ಕರೆ ಅದು ಬೇರೆ. ಆ ನಗೆಯು ‘ನೀನು ನಮ್ಮವನಲ್ಲ’ ಎಂದು ಹೇಳುತ್ತದೆ. ಇಂಥ ನಗೆಯು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ 2014ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ದುರಂತವೇ ಸಾಕ್ಷಿ. ಅಂಗಡಿಯೊಂದರ ಬಳಿ ಅರುಣಾಚಲ ಪ್ರದೇಶದ ಒಬ್ಬ ವಿದ್ಯಾರ್ಥಿಯ ತಲೆಗೂದಲನ್ನು ಕಂಡು ಕೆಲವರು ಹಾಸ್ಯ ಮಾಡಿದರು. ಮಾತು ಬೆಳೆದು ಹೊಡೆದಾಟವಾಯಿತು. ಆ ವಿದ್ಯಾರ್ಥಿಯು ಪ್ರಾಣವನ್ನೇ ಕಳೆದುಕೊಂಡನು. ಬಳಿಕ ಕೇಂದ್ರ ಸರ್ಕಾರವು ಎಂ. ಪಿ. ಬೆಜ್‌ಬರುವಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಈಶಾನ್ಯ ರಾಜ್ಯಗಳ ಜನರು ದೇಶದ ಇತರ ಭಾಗಗಳಲ್ಲಿ ಎದುರಿಸುವ ಕಷ್ಟಗಳನ್ನು ವಿಚಾರಿಸಿತು. ತಮ್ಮ ದೇಶದಲ್ಲಿಯೇ ಪರದೇಶಿಗಳೆನ್ನಿಸಿಕೊಳ್ಳುವುದು ಅವರ ಮುಖ್ಯ ನೋವಾಗಿತ್ತು.

ಜನಾಂಗಭೇದವೂ ಜಾತಿಭೇದವೂ ಎಲ್ಲ ವಿಧದಲ್ಲಿಯೂ ಒಂದೇ ಎಂದು ಹೇಳಲಾಗದು. ಒಂದು ಮೈಬಣ್ಣ, ಮುಖಲಕ್ಷಣ, ಮೂಲದೇಶಗಳನ್ನು ನೋಡುತ್ತದೆ. ಇನ್ನೊಂದು, ಒಂದೇ ಬಣ್ಣದ, ಒಂದೇ ಭಾಷೆಯ, ಒಂದೇ ದೇವರ ಒಕ್ಕಲಿನ ನಡುವೆಯೇ ಮೇಲು ಕೀಳುಗಳನ್ನು ಕಾಣುತ್ತದೆ. ಆದರೆ ಎರಡರ ಬೇರೂ ಒಂದೇ: ಮನುಷ್ಯನನ್ನು ಅವನ ನಡತೆಯಿಂದ ಅಳೆಯದೆ ಹುಟ್ಟಿನಿಂದ ಅಳೆಯುವುದು. ವಿಶ್ವಸಂಸ್ಥೆಯು 1965ರಲ್ಲಿ ಅಂಗೀಕರಿಸಿದ, ಭಾರತವು 1968ರಲ್ಲಿ ಒಪ್ಪಿಕೊಂಡ ಜನಾಂಗಭೇದ ನಿವಾರಣೆಯ ಒಡಂಬಡಿಕೆಯಲ್ಲಿ ಜನಾಂಗ, ವರ್ಣಗಳೊಡನೆ ‘ವಂಶ’ ಎಂಬ ಅರ್ಥದ ಮಾತೂ ಸೇರಿದೆ.

ನಮ್ಮ ದೇಶದ ಕಾನೂನು ಕೂಡ ಒರಟುತನವನ್ನೂ ಭೇದಭಾವವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಜಗಳವೆಬ್ಬಿಸುವ ಉದ್ದೇಶದಿಂದ ಯಾರನ್ನೇ ಅಪಮಾನಪಡಿಸಿದರೂ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 352ನೆಯ ಕಲಮು ಇದನ್ನು ಹೇಳುತ್ತದೆ. ಅದು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ನಿಯಮ. ಹುಟ್ಟಿನ ಹೆಸರಿನ ಅನ್ಯಾಯವನ್ನು ತಡೆಯಲು ಮಾತ್ರ ಸಂವಿಧಾನವೇ ಮುಂದೆ ಬಂದು ನಿಂತಿದೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೆಯ ಅನುಚ್ಛೇದವು ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಿಂದ ಯಾರನ್ನೂ ಜಾತಿ, ಜನಾಂಗ, ಹುಟ್ಟಿದ ಸ್ಥಳ ಮೊದಲಾದ ಕಾರಣಗಳಿಂದ ದೂರವಿಡಕೂಡದೆಂದು ವಿಧಿಸಿತು. 1955ರಲ್ಲಿ ಬಂದ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಗೆ 1976ರಲ್ಲಿ ‘ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ’ ಎಂಬ ಹೆಸರಾಯಿತು. ಸಾರ್ವಜನಿಕ ಹೋಟೆಲಿನ ಪಾತ್ರೆಗಳನ್ನು ಬಳಸಲು ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಪಡಿಸುವುದು ಆ ಕಾಯಿದೆಯಂತೆ ಅಪರಾಧ. ಗೂಡಿನಲ್ಲಿಟ್ಟ ಬೇರೆ ಲೋಟವನ್ನು ಕಾನೂನು ಅಷ್ಟು ಸ್ಪಷ್ಟವಾಗಿ ಕಂಡಿದೆ.

1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯಿದೆಯು ಇನ್ನೂ ಮುಂದೆ ಹೋಗಿ, ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಈ ವರ್ಗದವರನ್ನು ಹೀನಾಯಗೊಳಿಸುವ ಉದ್ದೇಶದಿಂದ ಅಪಮಾನಪಡಿಸಿದರೆ ಆರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಆದರೆ ಪ್ರತಿಯೊಂದು ಜಗಳಕ್ಕೂ ಈ ಕಾಯಿದೆಯು ಅನ್ವಯಿಸುವುದಿಲ್ಲ. 2020ರಲ್ಲಿ ಹಿತೇಶ್ ವರ್ಮ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಪಮಾನವು ಆ ವ್ಯಕ್ತಿಯ ಜಾತಿ ಅಥವಾ ಪಂಗಡದ ಕಾರಣದಿಂದ ಆಗಿದ್ದರೆ ಮಾತ್ರ ಅದು ಈ ಕಾಯಿದೆಯ ಅಪರಾಧವೆಂದು ಸ್ಪಷ್ಟಪಡಿಸಿತು. ಬಸ್ಸಿನ ಚಿಲ್ಲರೆ ಜಗಳಕ್ಕೂ ‘ನಿಮ್ಮ ಜಾತಿಯವರೇ ಇಷ್ಟು’ ಎಂಬ ಮಾತಿಗೂ ಇರುವ ಗಡಿಯನ್ನು ನ್ಯಾಯಾಲಯವೂ ಗುರುತಿಸಿದೆಯೆಂದು ಇದರಿಂದ ತಿಳಿಯುತ್ತದೆ.

ಈ ಗಡಿಯನ್ನು ಮರೆತರೆ ಎರಡು ವಿಧದ ತಪ್ಪುಗಳಾಗುತ್ತವೆ. ಭೇದಭಾವವನ್ನು ಬರಿಯ ಒರಟುತನವೆಂದು ಕರೆಯುವುದು ಮೊದಲನೆಯ ತಪ್ಪು. ‘ಏನೋ ಕೋಪದಲ್ಲಿ ಅಂದನು, ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎಂದು ನೊಂದವನಿಗೇ ಬುದ್ಧಿ ಹೇಳುವವರು ಈ ತಪ್ಪನ್ನು ಮಾಡುತ್ತಾರೆ. ಅಂಗಡಿಯವನು ಕ್ಷಮೆ ಕೇಳಿದನೆಂದು ಪ್ರಕರಣವು ಮುಗಿಯುತ್ತದೆ. ಗೂಡಿನಲ್ಲಿ ಲೋಟವು ಹಾಗೆಯೇ ಇರುತ್ತದೆ. ಎಲ್ಲ ಒರಟುತನವನ್ನೂ ಭೇದಭಾವವೆಂದು ಕರೆಯುವುದು ಎರಡನೆಯ ತಪ್ಪು. ಅದರಿಂದ ನಿರಪರಾಧಿಗೆ ಕಳಂಕ ಬರುತ್ತದೆ; ಅದಕ್ಕಿಂತ ಹೆಚ್ಚಾಗಿ, ಆ ದೊಡ್ಡ ಮಾತು ಸವೆದುಹೋಗುತ್ತದೆ. ನಿಜವಾಗಿಯೂ ಅನ್ಯಾಯಕ್ಕೊಳಗಾದವನು ಕೂಗಿದಾಗ ಕೇಳುವ ಕಿವಿಗಳು ಇಲ್ಲವಾಗುತ್ತವೆ. ಈ ಎರಡರಲ್ಲಿ ಮೊದಲನೆಯ ತಪ್ಪೇ ಹೆಚ್ಚು ಬಳಕೆಯಲ್ಲಿರುವುದು, ಹೆಚ್ಚು ಹಾನಿ ಮಾಡುವುದು.

ಹಾಗಾದರೆ ಇವೆರಡನ್ನು ಬೇರ್ಪಡಿಸಿ ನೋಡುವುದು ಹೇಗೆ? ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಬಹುಮಟ್ಟಿಗೆ ಉತ್ತರ ದೊರೆಯುತ್ತದೆ. ಒಂದು: ಈ ಸ್ಥಳದಲ್ಲಿ ಬೇರೆ ಕುಲದವನು ನಿಂತಿದ್ದರೂ ಹೀಗೆಯೇ ನಡೆಯುತ್ತಿತ್ತೆ? ಎರಡು: ನೊಂದವನು ತನ್ನ ನಡತೆಯನ್ನು ತಿದ್ದಿಕೊಂಡರೆ ಈ ಅಪಮಾನವು ತಪ್ಪುತ್ತದೆಯೆ? ಮೂರು: ಅಪಮಾನ ಮಾಡಿದವನು ಒಂಟಿಯಾಗಿದ್ದಾನೆಯೆ, ಅಥವಾ ಅವನ ಹಿಂದೆ ಊರಿನ ರೂಢಿ, ಬೀದಿಯ ಬಲ, ಹಿರಿಯರ ಮೌನ ನಿಂತಿದೆಯೆ? ಚಿಲ್ಲರೆಯ ಜಗಳಕ್ಕೆ ಈ ಪ್ರಶ್ನೆಗಳನ್ನು ಹಾಕಿದರೆ ಒಂದು ಬಗೆಯ ಉತ್ತರ ಬರುತ್ತದೆ; ಗೂಡಿನ ಲೋಟಕ್ಕೆ ಹಾಕಿದರೆ ಮತ್ತೊಂದು ಬಗೆಯ ಉತ್ತರ ಬರುತ್ತದೆ. ಉತ್ತರವು ಬೇರೆಯಾದಂತೆ ಔಷಧವೂ ಬೇರೆಯಾಗುತ್ತದೆ. ಒರಟುತನಕ್ಕೆ ಸಂಯಮ, ಕ್ಷಮೆ, ಒಳ್ಳೆಯ ಮಾತುಗಳೇ ಮದ್ದು. ಭೇದಭಾವಕ್ಕೆ ಇವು ಸಾಲವು. ಅಲ್ಲಿ ಲೋಟವು ಒಂದಾಗಬೇಕು, ಬೆಂಚು ಒಂದಾಗಬೇಕು, ನಲ್ಲಿ ಎಲ್ಲರದಾಗಬೇಕು; ಆಗದಿದ್ದರೆ ಕಾನೂನು ಬಂದು ಮಾಡಿಸಬೇಕು.

ಇಂಥ ಮದ್ದು ಈ ನೆಲಕ್ಕೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿಯ ಶಿಷ್ಯನಾದ ಸಿದ್ಧಪ್ಪಾಜಿಯ ಗದ್ದುಗೆಯಿದೆ. ಪ್ರತಿ ವರ್ಷ ಬನದ ಹುಣ್ಣಿಮೆಯಂದು ಆರಂಭವಾಗಿ ಐದು ದಿನ ನಡೆಯುವ ಅಲ್ಲಿಯ ಜಾತ್ರೆಯಲ್ಲಿ ಒಂದು ದಿನವು ‘ಪಂಕ್ತಿಸೇವೆ’ಗೆ ಮೀಸಲು. ಅಂದು ಬಯಲಿನಲ್ಲಿ ಬಿಡಾರ ಹೂಡಿದ ಹಲವು ಕುಲಗಳ ಒಕ್ಕಲುಗಳು ಅಡಿಗೆ ಮಾಡಿ, ಜಾತಿಯನ್ನು ಕೇಳದೆ ಸಾಲಾಗಿ ಕುಳಿತು ಉಣ್ಣುತ್ತವೆ. ಅಲ್ಲಿ ಯಾರೂ ಯಾರಿಗೂ ನಯವಾಗಿ ಮಾತನಾಡಬೇಕೆಂಬ ಕಟ್ಟಳೆಯಿಲ್ಲ. ಎಲೆಯ ಮುಂದೆ ನೂಕಾಟವೂ ಉಂಟು, ಬಿರುಸಿನ ಮಾತೂ ಉಂಟು. ಆದರೆ ಪಂಕ್ತಿಯು ಒಂದೇ. ಬಿಳಿಗಿರಿರಂಗನ ಸನ್ನಿಧಿಯಲ್ಲಿ ಚರ್ಮದ ದೊಡ್ಡ ಪಾದರಕ್ಷೆಗಳಿವೆ. ಅವುಗಳನ್ನು ಮಾಡಿ ಒಪ್ಪಿಸುವವರು ಚರ್ಮದ ಕಸುಬಿನ ಮನೆತನದವರು. ಭಕ್ತರು ಅವುಗಳನ್ನು ತಲೆಗೆ ಮುಟ್ಟಿಸಿಕೊಂಡು ಧನ್ಯರಾಗುತ್ತಾರೆ. ಆ ಪಾದರಕ್ಷೆಯನ್ನು ತಲೆಗೆ ಮುಟ್ಟಿಸಿಕೊಂಡವನು ಬೆಟ್ಟವಿಳಿದು ಬಂದು, ಅದನ್ನು ಹೊಲಿದ ಕೈಯಿಂದ ನೀರನ್ನು ಒಲ್ಲೆನೆಂದರೆ ಅವನ ಭಕ್ತಿಗೆ ಅರ್ಥವೇನು?

ಜಾತ್ರೆಯ ಒಂದು ದಿನದ ಪಂಕ್ತಿಯನ್ನು ವರ್ಷದ ಉಳಿದ ದಿನಗಳಿಗೂ ಹರಡುವುದು ಕಷ್ಟದ ಕೆಲಸ. ಅದು ಆರಂಭವಾಗಬೇಕಾದ ಸ್ಥಳಗಳಲ್ಲಿ ಶಾಲೆಯು ಮೊದಲನೆಯದು. ಮಧ್ಯಾಹ್ನದ ಬಿಸಿಯೂಟಕ್ಕೆ ಮಕ್ಕಳು ಸಾಲಾಗಿ ಕುಳಿತಾಗ ಯಾರ ಪಕ್ಕದಲ್ಲಿ ಯಾರು ಕುಳಿತರು, ಯಾರ ಪಕ್ಕವು ಬರಿದಾಗಿ ಉಳಿಯಿತು ಎಂಬುದನ್ನು ನೋಡುವ ಕಣ್ಣು ಬೇಕು. ಗೆಳೆಯನು ಕೋಪದಲ್ಲಿ ಆಡಿದ ಮಾತನ್ನು ಸಂಜೆಯೊಳಗೆ ಮರೆಯುವುದು ದೊಡ್ಡತನ. ಆದರೆ ಗೆಳೆಯನ ಪಕ್ಕದಲ್ಲಿ ಬರಿದಾದ ಸ್ಥಳವನ್ನು ಕಂಡೂ ಕಾಣದಂತಿರುವುದು ದೊಡ್ಡತನವಲ್ಲ. ಅಲ್ಲಿ ಹೋಗಿ ತಟ್ಟೆಯಿಟ್ಟು ಕುಳಿತುಕೊಳ್ಳುವವನು ಯಾವ ಭಾಷಣವನ್ನೂ ಮಾಡಬೇಕಾಗಿಲ್ಲ. ಭೇದವು ಮಾತಿಲ್ಲದೆ ನಡೆಯಬಲ್ಲುದಾದರೆ ಸಮತೆಯೂ ಮಾತಿಲ್ಲದೆ ನಡೆಯಬಲ್ಲುದು.